ನಾಲ್ಕನೇ ನಂಬರ್ ಟಬ್ಬಿಗೆ ಒಂದು ಚಿಟಿಕೆ ಅರಿಶಿನ

ಇದು ಆಗುವ ಮಾತಲ್ಲ ಎಂದು ಮೊಟ್ಟಮೊದಲು ಹೇಳಿದವರು ಬಸಲಿಂಗಪ್ಪ ಕಾಕಾ. ನಾನು ಅವರ ಹೆಸರು ಹಿಡಿದೇ ಶುರು ಮಾಡುತ್ತೇನೆ, ಯಾಕೆಂದರೆ ಅವರೂ ನನ್ನ ಹೆಸರು ಹಿಡಿದೇ ಹೇಳಿದ್ದರು. "ಸಾವಿತ್ರಿ, ನಿನ್ನ ಕೈಲೆ ಇದು ಆಗಂಗಿಲ್ಲ." ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಅಂಚೆ ಇಲಾಖೆಯ ವರ್ಗಾವಣೆಯ ಮೇಲೆ ಗದಗಿನಿಂದ ನಾಶಿಕಕ್ಕೆ ಬಂದು, ನಿವೃತ್ತರಾಗಿ, ನಮ್ಮ ಮೇಲಿನ ಮಹಡಿಯಲ್ಲೇ ಉಳಿದುಬಿಟ್ಟವರು. ಪರವೂರಿನಲ್ಲಿ ಕನ್ನಡ ಮಾತಾಡುವ ಯಾರೇ ಆದರೂ ಮೂರನೇ ಭೇಟಿಗೆ ಕಾಕಾ ಆಗುತ್ತಾರೆ, ನಾಲ್ಕನೇ ಭೇಟಿಗೆ ಬುದ್ಧಿ ಹೇಳುತ್ತಾರೆ. ಜೀವನವಿಡೀ ಪತ್ರಗಳ ಮೇಲಿನ ವಿಳಾಸ ಓದಿದವರಾದ್ದರಿಂದ, ಅವರ ಮುಂದೆ ಯಾವ ಯೋಜನೆ ಇಟ್ಟರೂ ಅದು ಮುಟ್ಟುವ ಊರು ಯಾವುದು ಎಂದು ಮೊದಲು ನೋಡುತ್ತಾರೆ. "ನಾಶಿಕದಾಗ ದ್ರಾಕ್ಷಿ ಐತಿ. ಸಟಾಣಾದಾಗ ಉಳ್ಳಾಗಡ್ಡಿ ಐತಿ. ನೀ ಓದಾಕ ಹೊಂಟ ಸಂಭಾಜಿನಗರದಾಗ ಕಾರ್ಖಾನಿ ಅದಾವ. ಸಮುದ್ರ ಎಲ್ಲೈತಿ, ತೋರ್ಸು ನೋಡೂಣು? ಸಮುದ್ರನ ಇಲ್ಲದ ಊರಾಗ ಕುಂತು ಸಮುದ್ರದ ಪ್ರಾಣಿ ಮ್ಯಾಲೆ ಡಾಕ್ಟರೇಟ್ ಮಾಡ್ತೀನಿ ಅಂದ್ರ, ಅದು ತಪ್ಪು ವಿಳಾಸದ ಪತ್ರ ಇದ್ದಂಗ. ಊರೆಲ್ಲ ತಿರಿಗಿ ಮತ್ತ ನಿಮ್ಮ ಮನಿಗೇ ಬರತೈತಿ."

ಆಗ ನನಗೆ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಕಾಕಾ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಆರಿಸಿಕೊಂಡದ್ದು ಕಂಟಕಚರ್ಮಿಗಳನ್ನು. ಅಂದರೆ ನಕ್ಷತ್ರಮೀನು ಮತ್ತು ಅದರ ಬಳಗವನ್ನು. ಈ ಬಳಗದಲ್ಲಿ ಒಂದಕ್ಕೂ ತಲೆಯಿಲ್ಲ, ಮೆದುಳಿಲ್ಲ, ಮೈಯಲ್ಲಿ ರಕ್ತದ ಬದಲು ಸಮುದ್ರದ ನೀರೇ ಹರಿದಾಡುತ್ತದೆ. ನಕ್ಷತ್ರಮೀನಂತೂ ಊಟ ಮಾಡುವಾಗ ಬಾಯೊಳಗೆ ಆಹಾರ ಹಾಕಿಕೊಳ್ಳುವ ಬದಲು ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ, ಆಹಾರದ ಮೇಲೆ ಹೊದಿಸಿ, ಅಲ್ಲೇ ಕರಗಿಸಿಕೊಂಡು, ಆಮೇಲೆ ಹೊಟ್ಟೆಯನ್ನು ಮಡಚಿ ಒಳಗಿಡುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ಕೆಲವು ಬಂಧುಗಳು ಇದಕ್ಕೆ ಹತ್ತಿರ ಹೋಗಿದ್ದನ್ನು ನಾನು ನೋಡಿದ್ದೇನೆ, ಆದರೆ ಪೂರ್ತಿ ಸಾಧಿಸಿದವರಿಲ್ಲ. ಇಷ್ಟಾದರೂ ಇವು ನೊಣ, ಜೇಡ, ಏಡಿಗಳಿಗಿಂತ ನಮಗೆ ಹತ್ತಿರದ ಸಂಬಂಧಿಗಳು. ಗುರುತು ಏನೆಂದರೆ, ಭ್ರೂಣ ಬೆಳೆಯುವಾಗ ಮೊದಲು ಮೂಡುವ ರಂಧ್ರ ಇವುಗಳಲ್ಲೂ ನಮ್ಮಲ್ಲೂ ಬಾಯಿ ಆಗುವುದಿಲ್ಲ, ಹಿಂದಿನ ಕಡೆಯದಾಗುತ್ತದೆ. ಬಾಯಿ ಆಮೇಲೆ ಬರುತ್ತದೆ. ಈ ಸಂಗತಿಯನ್ನು ನಾನು ಸಂಭ್ರಮದಿಂದ ಮನೆಯಲ್ಲಿ ಹೇಳಿದಾಗ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಇದನ್ನ ಕಲಿಯಾಕ ಅಷ್ಟು ದೂರ ಹಾಸ್ಟೆಲ್ ಹಿಡದಿ?" ಎಂದು ಕೇಳಿದಳು.

ನಮ್ಮ ಮನೆತನದಲ್ಲಿ ಪದವಿ ಎಂಬ ಕಾಗದ ಮೊದಲು ಬಂದದ್ದು ನನ್ನ ಹೆಸರಿಗೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಂಕೋಚವಿಲ್ಲದೆ ಹೇಳಲೆಂದೇ ಅಷ್ಟು ಕಷ್ಟಪಟ್ಟದ್ದು. ಅಪ್ಪ ಬಾಗಲಕೋಟೆ ಕಡೆಯ ಹಳ್ಳಿಯಿಂದ ಐಟಿಐ ಮುಗಿಸಿ ಓಝರ್ ಹತ್ತಿರದ ವಿಮಾನ ಕಾರ್ಖಾನೆಗೆ ಫಿಟ್ಟರ್ ಆಗಿ ಬಂದವನು. ಅವ್ವ ಓದಿದ್ದು ನಾಲ್ಕನೇ ಇಯತ್ತೆ. ನಾನು ಮನೆಪಾಠ ಹೇಳುತ್ತ ಬಿಎಸ್ಸಿ ಮಾಡಿದೆ, ಎಮ್ಮೆಸ್ಸಿಯಲ್ಲಿ ಎರಡು ವರ್ಷ ಒಂದೇ ಸ್ವೆಟರಿನಲ್ಲಿ ಕಳೆದೆ, ಮೂರನೇ ಸಲಕ್ಕೆ ಫೆಲೋಶಿಪ್ ಪರೀಕ್ಷೆ ಪಾಸಾದೆ. ನನ್ನ ವಿಷಯ ಇಷ್ಟೇ: ನಕ್ಷತ್ರಮೀನಿನ ಒಂದು ತೋಳು ತುಂಡಾದರೆ ಅದು ಮತ್ತೆ ಬೆಳೆಯುತ್ತದೆ. ಹಾಗೆ ಬೆಳೆಯುವಾಗ ಅದರ ಜೀನೋಮಿನಲ್ಲಿ ಯಾವ ದಿನ ಯಾವ ಜೀನ್ ಎದ್ದು ಕೆಲಸಕ್ಕೆ ಹೊರಡುತ್ತದೆ, ಯಾವುದು ಮಲಗುತ್ತದೆ, ಅದರ ಪಟ್ಟಿ ಮಾಡುವುದು. ಇದನ್ನು ನನ್ನ ಸಹಪಾಠಿಗಳಿಗೆ ತಿಳಿಸಲು ಒಂದು ಗಂಟೆ ಬೇಕಾಗಿತ್ತು. ಅಪ್ಪ ಅರ್ಧ ನಿಮಿಷದಲ್ಲಿ ಹಿಡಿದ. "ಅಂದ್ರ, ಇಡೀ ವಿಮಾನದ ಡ್ರಾಯಿಂಗ್ ಎಲ್ಲಾ ಸೆಕ್ಷನ್ನಿನಾಗೂ ಇಟ್ಟಿರ್ತಾರ. ರೆಕ್ಕಿ ರಿಪೇರಿ ಮಾಡೂಮುಂದ ಯಾವ ಹಾಳಿ ಯಾವ ದಿನ ಹೊರಗ ತಗೀತಾರ, ಅದನ್ನ ನೀ ಬರಕೋತಿ. ಹೌದಲ್ಲೊ?" ನನ್ನ ಗೈಡ್ ದೇಶಮುಖ ಮೇಡಮ್ ಈ ವಿವರಣೆಯನ್ನು ಕೇಳಿ, ಪ್ರಬಂಧದ ಮೊದಲ ಅಧ್ಯಾಯವನ್ನು ನಿಮ್ಮ ತಂದೆಯವರಿಂದಲೇ ಬರೆಸಿ ಎಂದರು.

ಕಷ್ಟ ಶುರುವಾದದ್ದು ಕೊನೆಯ ವರ್ಷದ ದೀಪಾವಳಿಗೆ. ರತ್ನಾಗಿರಿ ಕಡೆಯ ಕಡಲಿನಿಂದ ಅನುಮತಿಪತ್ರದ ಮೇಲೆ ಆರು ನಕ್ಷತ್ರಮೀನು ತಂದಿದ್ದೆವು. ಆ ಅನುಮತಿ ಒಂದೇ ಸಲಕ್ಕೆ. ನನ್ನ ಫೆಲೋಶಿಪ್ಪಿನ ವಿಸ್ತರಣೆಯೂ ಕೊನೆಯದು. ಮೂರಕ್ಕೆ ಒಂದೊಂದು ತೋಳಿನ ತುದಿ ಕತ್ತರಿಸುವುದು, ಮೂರನ್ನು ಹೋಲಿಕೆಗೆ ಹಾಗೆಯೇ ಬಿಡುವುದು. ಒಂದನೇ, ಮೂರನೇ, ಏಳನೇ, ಹದಿನಾಲ್ಕನೇ ದಿನ ಗಾಯದ ತುದಿಯಿಂದ ಸಾಸಿವೆಯಷ್ಟು ಮಾಂಸ ತೆಗೆದಿಡುವುದು. ಮೂರಕ್ಕಿಂತ ಕಡಿಮೆಯಾದರೆ ಲೆಕ್ಕಕ್ಕೆ ಬಲವಿಲ್ಲ. ಇದರ ಮೇಲೆ ನನ್ನ ಡಿಗ್ರಿ ನಿಂತಿತ್ತು. ನಾನು ಕತ್ತರಿಸಿ ಮುಗಿಸಿದ ದಿನವೇ ನೋಟೀಸು ಬಂತು: ರಜೆಯಲ್ಲಿ ಕಟ್ಟಡದ ವೈರಿಂಗ್ ಬದಲಾಯಿಸುತ್ತಾರೆ, ಎರಡು ವಾರ ಕರೆಂಟಿಲ್ಲ. ಗಾಳಿಯ ಪಂಪು ನಿಂತರೆ ಆರೂ ಸಾಯುತ್ತವೆ. ಮೇಡಮ್ ಊರಿಗೆ ಹೊರಟು ನಿಂತಿದ್ದರು. "ತುಮ್ಚ್ಯಾ ಘರೀ ಇನ್ವರ್ಟರ್ ಆಹೆ ನಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಇನ್ವರ್ಟರ್ ಇತ್ತು.

ಹೀಗೆ ನಾನು ಎಸ್‌ಟಿ ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಎರಡು ದೊಡ್ಡ ಡಬ್ಬಿಗಳನ್ನು ತೊಡೆಯ ಮೇಲೂ ಪಾದಗಳ ನಡುವೆಯೂ ಇಟ್ಟುಕೊಂಡು, ಬ್ಯಾಟರಿ ಪಂಪಿನಿಂದ ಗುಳುಗುಳು ಸದ್ದು ಮಾಡಿಸುತ್ತ ನಾಶಿಕಕ್ಕೆ ಹೊರಟೆ. ವೈಜಾಪುರ ದಾಟಿದ ಮೇಲೆ ಕಂಡಕ್ಟರ್ ಬಂದು ಮೂಗು ಅರಳಿಸಿ ಮೂಸಿದ. "ಕಾಯ್ ಆಹೆ ತ್ಯಾತ್, ತಾಯಿ? ಮಾಸೆ?" ಡಬ್ಬಿಯಲ್ಲಿರುವುದು ಮೀನಾ ಎಂದು ಅವನ ಪ್ರಶ್ನೆ. ನಾನು ಮರಾಠಿಯಲ್ಲಿ, ಇದನ್ನು ಮೀನು ಎಂದು ಕರೆಯುವುದು ರೂಢಿ ಅಷ್ಟೇ, ನಿಜವಾಗಿ ಇದಕ್ಕೆ ಬೆನ್ನುಮೂಳೆಯೇ ಇಲ್ಲ ಎಂದು ವಿವರಿಸಿದೆ. ಕಂಡಕ್ಟರ್ ಲಗೇಜಿನ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಪಕ್ಕದಲ್ಲಿ ದಾಳಿಂಬೆ ಪೆಟ್ಟಿಗೆ ಇಟ್ಟುಕೊಂಡಿದ್ದ ಅಜ್ಜ ಮುಚ್ಚಳ ಎತ್ತಿ ಇಣುಕಿ, ಕತ್ತರಿಸಿದ ತೋಳನ್ನು ಕಂಡು, ಯಾರು ಹೀಗೆ ಮಾಡಿದರು ಎಂದು ಮರುಗಿದರು. ನಾನೇ ಎಂದೆ. ಅಲ್ಲಿಂದ ನಾಶಿಕದವರೆಗೆ ಅಜ್ಜ ತಮ್ಮ ಪೆಟ್ಟಿಗೆಯನ್ನು ನನ್ನಿಂದ ಸ್ವಲ್ಪ ದೂರವೇ ಇಟ್ಟುಕೊಂಡರು.

ಮನೆಯಲ್ಲಿ ಎರಡು ಖಾತೆಗಳ ಆಕ್ಷೇಪಣೆ ಕಾದಿತ್ತು. ಅವ್ವನದು: ಅಡುಗೆಮನೆ ಮತ್ತು ದೇವರ ಕೋಣೆಯ ಹೊಸ್ತಿಲು ಇವು ದಾಟಬಾರದು, ಇವಕ್ಕೆ ತಿನ್ನಲು ಕೊಡುವ ಯಾವ ಪದಾರ್ಥವೂ ಮನೆಗೆ ಬರಬಾರದು. ಅದೃಷ್ಟಕ್ಕೆ ನನ್ನ ಪ್ರಯೋಗದ ನಿಯಮವೇ ಎರಡು ವಾರ ಉಪವಾಸ. ಅವ್ವನಿಗೆ ಒಮ್ಮೆಲೇ ಅವುಗಳ ಮೇಲೆ ಗೌರವ ಬಂತು. ಅಪ್ಪನದು: ಉಪ್ಪುನೀರು. ವಿಮಾನ ಕಾರ್ಖಾನೆಯವನಿಗೆ ಉಪ್ಪುನೀರು ಅಂದರೆ ತುಕ್ಕು, ತುಕ್ಕು ಅಂದರೆ ಶತ್ರು. ಆದರೂ ನಡುಮನೆಯ ಸೋಫಾ ಸರಿಸಿ, ಆರು ಪ್ಲಾಸ್ಟಿಕ್ ಟಬ್ಬುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ನಂಬರ್ ಹಾಕಿದ ಬಿಲ್ಲೆ ತೂಗುಹಾಕಿದ. ಕೈ ಕತ್ತರಿಸಿದವಕ್ಕೆ ಕೆಂಪು, ಉಳಿದವಕ್ಕೆ ಹಸಿರು. ಆಮೇಲೆ ಒಂದು ಉದ್ದನೆಯ ರಿಜಿಸ್ಟರ್ ತಂದು ಗೆರೆ ಎಳೆದ. ಅಪ್ಪನ ಕಾರ್ಖಾನೆಯ ಪದ್ಧತಿ ನಮ್ಮ ಮನೆಗೆ ಹೊಸದಲ್ಲ. ನಮ್ಮ ಕುಕ್ಕರಿನ ರಬ್ಬರ್ ರಿಂಗು ಯಾವಾಗ ಬದಲಾಯಿತು ಎಂಬುದಕ್ಕೂ ನಮ್ಮಲ್ಲಿ ದಾಖಲೆಯಿದೆ. ಈಗ ಹೊಸ ನಿಯಮ ಬಂತು: ಟಬ್ಬಿಗೆ ಯಾರು ಏನು ಮಾಡಿದರೂ, ದಿನ, ಹೊತ್ತು, ನಂಬರ್, ಮಾಡಿದ ಕೆಲಸ, ಕಾರಣ ಬರೆದು ಸಹಿ ಹಾಕಬೇಕು. "ಒಮ್ಮಿ ಬರದದ್ದನ್ನ ಅಳಸಂಗಿಲ್ಲ. ತಪ್ಪಾದ್ರ ಒಂದು ಗೆರಿ ಹೊಡದು, ಬಾಜೂಕ ಕಾರಣ ಬರದು, ಮತ್ತ ಸಹಿ ಹಾಕೂದು. ಇದು ನಿನಗೂ ಅದ, ಅವ್ವಗೂ ಅದ, ನನಗೂ ಅದ." ಅವ್ವ ಅದೆಷ್ಟೋ ವರ್ಷಗಳ ಮೇಲೆ ಪೆನ್ನು ಹಿಡಿದು ಎರಡು ಸಲ ಸಹಿಯ ಅಭ್ಯಾಸ ಮಾಡಿಕೊಂಡಳು.

ಮರುದಿನವೇ ಕಾಕಾ ತಪಾಸಣೆಗೆ ಇಳಿದು ಬಂದರು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಆರೂ ಟಬ್ಬಿನ ಮೇಲೆ ಬಗ್ಗಿ ನೋಡಿದರು.

"ಇದಕ್ಕ ತಲಿ ಎಲ್ಲೈತಿ?"

"ತಲಿ ಇಲ್ರಿ ಕಾಕಾ."

"ಮತ್ತ ಮೆದುಳ?"

"ಅದೂ ಇಲ್ರಿ."

"ತಲಿ ಇಲ್ಲ, ಮೆದುಳ ಇಲ್ಲ. ಮತ್ತ ಹೆಂಗ ನಡೀತೈತಿ ಇದು?"

ಟ್ಯೂಬು ಬಿಗಿಯುತ್ತಿದ್ದ ಅಪ್ಪ ತಲೆಯೆತ್ತದೆ, "ನಿಮ್ಮ ಇಲಾಖೆ ನಡೀತಿತ್ತಲ್ರಿ ಬಸಲಿಂಗಪ್ಪನವರ, ಹಂಗ," ಎಂದ. ಕಾಕಾ ಆ ದಿನ ಚಹಾ ಕುಡಿಯಲಿಲ್ಲ. ಚಕ್ಕುಲಿ ಮಾತ್ರ ತಿಂದು ಹೋದರು.

ಐದು ದಿನ ಎಲ್ಲ ಸುಗಮ. ಮೊದಲ ದಿನದ್ದನ್ನೂ ಮೂರನೇ ದಿನದ್ದನ್ನೂ ತೆಗೆದು ಸಣ್ಣ ಶೀಶೆಗಳಲ್ಲಿ ಹಾಕಿ ಫ್ರಿಜ್ಜಿನ ಬಾಗಿಲಲ್ಲಿ ಶೇಂಗಾ ಚಟ್ನಿಯ ಪಕ್ಕ ಇಟ್ಟಿದ್ದೆ. ಶೀಶೆಗೂ ಬಿಲ್ಲೆ, ಚಟ್ನಿಗೂ ಬಿಲ್ಲೆ. ಆರನೆಯ ದಿನ ನೀರು ತುಂಬುವ ಹಬ್ಬ. ನಮ್ಮ ಕಡೆಯ ಮನೆಗಳಲ್ಲಿ ಅಂದು ನೀರಿನ ಹಂಡೆ, ಕೊಡ, ಬಿಂದಿಗೆ ಎಲ್ಲವನ್ನೂ ತಿಕ್ಕಿ ತುಂಬಿ, ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಪೂಜಿಸುತ್ತಾರೆ. ಮರುದಿನ ಬೆಳಿಗ್ಗೆ ಆ ನೀರಿನಲ್ಲೇ ಎಣ್ಣೆಸ್ನಾನ. ನಾನು ಹಬ್ಬದ ಸಾಮಾನು ತರಲು ಪೇಟೆಗೆ ಹೋಗಿದ್ದೆ. ವಾಪಸು ಬಂದು ನೋಡಿದರೆ ಆರೂ ಟಬ್ಬುಗಳ ಹೊರಮೈಗೆ ಅರಿಶಿನದ ಪಟ್ಟೆ, ಕುಂಕುಮದ ಬೊಟ್ಟು, ಒಂದೊಂದು ಚೆಂಡುಹೂವು. ಮನೆಯಲ್ಲಿ ತುಂಬಿದ ನೀರು ಇರುವಾಗ ಇವನ್ನಷ್ಟೇ ಬಿಟ್ಟರೆ ಹೇಗೆ ಎಂದು ಅವ್ವನ ನ್ಯಾಯ. ಹೊರಗಡೆ ತಾನೇ, ಇರಲಿ ಎಂದು ನಾನೂ ಸುಮ್ಮನಾದೆ. ಫೋಟೋ ಕೂಡ ತೆಗೆದೆ. ಹಬ್ಬದ ದೀಪದ ಬೆಳಕಿನಲ್ಲಿ ಎಲ್ಲ ಟಬ್ಬಿನ ನೀರೂ ಹೊಂಬಣ್ಣವಾಗಿಯೇ ಕಾಣುತ್ತದೆ. ಒಂದು ಟಬ್ಬಿನದು ಸ್ವಲ್ಪ ಹೆಚ್ಚು ಹೊಂಬಣ್ಣ ಎಂದು ಹೊಳೆಯಲಿಲ್ಲ.

ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡೇ ಏಳನೇ ದಿನದ ತುಣುಕು ತೆಗೆಯಲು ಕೂತೆ. ಕತ್ತರಿಸಿದ ಮೂರರಲ್ಲಿ ಒಂದು, ಎರಡು ಸರಿ ಇದ್ದವು. ನಾಲ್ಕನೆಯದರ ನೀರು ಮಜ್ಜಿಗೆಸಾರಿನಂತೆ ಹಳದಿಯಾಗಿತ್ತು. ಕೆಂಪು ಬಿಲ್ಲೆಯ ನಕ್ಷತ್ರಮೀನು ತೋಳಿನ ತುದಿಗಳನ್ನೆಲ್ಲ ಮೇಲಕ್ಕೆ ಮಡಚಿಕೊಂಡು ಒಂದು ಮೂಲೆಗೆ ಅಂಟಿತ್ತು. ರಿಜಿಸ್ಟರ್ ತೆರೆದೆ. ದುಂಡನೆಯ, ಬಿಡಿಸಿ ಬಿಡಿಸಿ ಬರೆದ ಅಕ್ಷರಗಳಲ್ಲಿ ಹೀಗಿತ್ತು: "ದಿನ ಆರು. ಸಂಜಿ ದೀಪಾ ಹಚ್ಚೂ ಹೊತ್ತು. ನಂಬರ ನಾಕು. ಅರಿಶಿನ ಒಂದು ಚಿಟಿಗಿ. ಕಾರಣ, ಗಾಯ ಮಾಯಲಿ ಅಂತ. ಸಹಿ, ರತ್ನವ್ವ."

ನಾನು ಅಂದದ್ದನ್ನು ಇಲ್ಲಿ ಪೂರ್ತಿ ಬರೆಯಲಾರೆ. ಹಬ್ಬದ ದಿನ, ತಲೆಯಿಂದ ಎಣ್ಣೆ ಇಳಿಯುತ್ತಿರುವಾಗ, ಡಾಕ್ಟರೇಟ್ ಓದಿನವಳು ನಾಲ್ಕನೇ ಇಯತ್ತೆಯವಳಿಗೆ ಏನೇನು ಹೇಳಬಾರದೋ ಅದನ್ನೆಲ್ಲ ಹೇಳಿದೆ. ಕೊನೆಗೆ, "ನಿನ್ನ ಕೈ ಮುಟ್ಟಿತಲ್ಲ, ಹೋತು ನನ್ನ ಡಿಗ್ರಿ," ಎಂದೆ. ಅವ್ವ ಒಂದೇ ಮಾತು ಹೇಳಿದಳು: "ಎಲ್ಲಾಕ್ಕಿಂತ ಸಪ್ಪಗ ಆ ನಾಕನೇದ ಇತ್ತು." ಆಮೇಲೆ ಸ್ನಾನದ ನೀರು ಆರುತ್ತದೆ ಎಂದು ಒಳಗೆ ಹೋದಳು.

ನನ್ನ ತಲೆಗೆ ಬಂದ ಮೊದಲ ವೈಜ್ಞಾನಿಕ ವಿಚಾರ, ಆ ಹಾಳೆ ಹರಿದುಹಾಕುವುದು. ನೀರು ಬದಲಾಯಿಸಿದರೆ ಯಾರಿಗೆ ಗೊತ್ತಾಗುತ್ತದೆ? ಅಪ್ಪ ರಿಜಿಸ್ಟರನ್ನು ನನ್ನ ಕೈಯಿಂದ ತೆಗೆದುಕೊಂಡ. "ಬಿಚ್ಚಿದ ಎಂಜಿನ್ನಿನಾಗ ಒಂದು ಸ್ಪ್ಯಾನರ್ ಮರತು ಮುಚ್ಚಿದ್ದು ನಮಗ ಗೊತ್ತಾದ್ರ ಏನ ಮಾಡ್ತೀವಿ? ಗೊತ್ತಾಗಲಿಲ್ಲ ಅಂತ ಹಾರಸ್ತೀವೇನು? ನಿಮ್ಮ ಮೇಡಮ್ಮಗ ಫೋನ್ ಹಚ್ಚು." ಹಚ್ಚಿದೆ. ಆ ಕಡೆಯಿಂದ ಮೊದಲು ಪಟಾಕಿ ಸದ್ದು, ಆಮೇಲೆ ಬಹಳ ಹೊತ್ತು ನಗು. ನಕ್ಕು ಮುಗಿಸಿ ಮೇಡಮ್ ತಣ್ಣಗೆ ಹೇಳಿದರು: ಉಳಿದವಕ್ಕೆ ಯಾರೂ ಏನೂ ಮಾಡಿಲ್ಲ ಎಂಬುದಕ್ಕೆ ಬರಹದ ಸಾಕ್ಷಿ ಇದೆಯಲ್ಲ? ಹಾಗಾದರೆ ಎಲ್ಲವನ್ನೂ ಇದ್ದ ಹಾಗೆ ಬರೆ. ಆ ಪುಟವನ್ನೂ ಪ್ರಬಂಧಕ್ಕೆ ಹಚ್ಚು. ಒಪ್ಪುವುದು ಬಿಡುವುದು ಪರೀಕ್ಷಕರಿಗೆ ಬಿಟ್ಟದ್ದು. "ಬಿಟ್ಟರೆ?" ಎಂದು ಕೇಳಿದೆ. "ಬಿಟ್ಟರೆ ಡಿಗ್ರಿ ಇಲ್ಲ," ಎಂದರು. ಮೇಡಮ್ಮರ ಸ್ವಭಾವವೇ ಹಾಗೆ.

ನಾಲ್ಕನೆಯದು ಸಾಯಲಿಲ್ಲ. ಗುಣವೂ ಬೇಗ ಆಗಲಿಲ್ಲ. ತೋಳು ನಿಧಾನವಾಗಿ, ಸ್ವಲ್ಪ ಸೊಟ್ಟಗೆ ಬೆಳೆಯತೊಡಗಿತು, ಅಷ್ಟೇ. ಆದರೆ ಸುದ್ದಿ ಮಾತ್ರ ನೇರವಾಗಿ, ಭರದಿಂದ ಬೆಳೆಯಿತು. ಹಬ್ಬದ ತಿಂಡಿಯ ಫರಾಳಕ್ಕೆ ಬಂದ ಬಸಲಿಂಗಪ್ಪ ಕಾಕಾ ಸಂಗತಿ ಕೇಳಿ ಹೋದವರು ಅರ್ಧ ಗಂಟೆಯಲ್ಲಿ ನಾಶಿಕದ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿದರು: ಅರಿಶಿನದಿಂದ ಒಂದೇ ರಾತ್ರಿಯಲ್ಲಿ ತುಂಡಾದ ಕೈ ಚಿಗುರಿತು, ನಮ್ಮ ಹಿರಿಯರ ಜ್ಞಾನಕ್ಕೆ ವಿಜ್ಞಾನದ ಮುದ್ರೆ, ಸಂಶೋಧಕಿ ನಮ್ಮ ಬಿಲ್ಡಿಂಗಿನವಳು. ಮಾಲೇಗಾಂವ್‌ನಿಂದ ಯಾರೋ ಫೋನ್ ಮಾಡಿ, ಮಗ್ಗದಲ್ಲಿ ಸಿಕ್ಕು ಹೋದ ಬೆರಳಿನ ತುದಿಗೆ ಎಷ್ಟು ಚಿಟಿಕೆ ಎಂದು ಕೇಳಿದರು. ಅದು ಸುಳ್ಳು ಎಂದು ನಾನು ಬರೆದದ್ದಕ್ಕೆ, ಓದಿದವರಿಗೆ ನಮ್ಮ ಸಂಸ್ಕೃತಿ ಕಂಡರೆ ಆಗದು ಎಂದು ಹದಿನೇಳು ಜನ ಕೈಮುಗಿಯುವ ಚಿತ್ರ ಹಾಕಿದರು. ಪೇಟೆಂಟ್ ತಗೋ ಎಂದು ಕಾಕಾ ದಿನಾ ನೆನಪಿಸುತ್ತಿದ್ದರು. ಆಗಂಗಿಲ್ಲ ಎಂದವರೇ ಈಗ ನಾನು ಮಾಡದೇ ಇದ್ದುದನ್ನೂ ಆಗಿದೆ ಎನ್ನತೊಡಗಿದಾಗ, ಹಳೆಯ ಕಾಕಾನೇ ವಾಸಿ ಎನಿಸಿತು.

ಈ ಗದ್ದಲದಲ್ಲಿ ನಾನು ಒಂದನ್ನು ಸರಿಯಾಗಿ ಗಮನಿಸಲಿಲ್ಲ. ಅಂದಿನಿಂದ ಅವ್ವ ನನ್ನ ಯಾವ ವಸ್ತುವನ್ನೂ ಮುಟ್ಟುವುದು ಬಿಟ್ಟಿದ್ದಳು. ನನ್ನ ಪುಸ್ತಕ ಕೆಳಗೆ ಬಿದ್ದರೆ ಎತ್ತುತ್ತಿರಲಿಲ್ಲ; "ಸಾವಿ, ನಿಂದೇನೋ ಬಿದ್ದೈತಿ ನೋಡು," ಎಂದು ದೂರದಿಂದ ಕರೆಯುತ್ತಿದ್ದಳು. ನನ್ನ ಬ್ಯಾಗಿನ ಸುತ್ತ ಕಸ ಗುಡಿಸಿ, ಬ್ಯಾಗಿದ್ದ ಜಾಗವನ್ನು ಹಾಗೇ ಬಿಡುತ್ತಿದ್ದಳು. ನನಗೆ ಅದು ಅನುಕೂಲವೇ ಆಯಿತೆಂದು ನಾನು ಪ್ರಬಂಧ ಬರೆಯುತ್ತ ಕೂತೆ. ಮುಳ್ಳುಚರ್ಮದ ಪ್ರಾಣಿಗಳ ಸಹವಾಸದಲ್ಲಿ ಅಷ್ಟು ವರ್ಷ ಕಳೆದವಳಿಗೆ ಚರ್ಮ ಕೊಂಚ ದಪ್ಪವಾಗಿದ್ದರೆ ಆಶ್ಚರ್ಯವಿಲ್ಲ.

ಮೌಖಿಕ ಪರೀಕ್ಷೆಗೆ ಕಡಲ ಪಕ್ಕದ ಊರಿನಿಂದ ಒಬ್ಬ ಹಿರಿಯ ಪ್ರೊಫೆಸರು ಬಂದಿದ್ದರು. ಜೀನುಗಳ ಬಗ್ಗೆ ಒಂದು ಗಂಟೆ ಹಿಂಡಿ, ಕೊನೆಗೆ ಅನುಬಂಧದ ಪುಟ ತೆರೆದು, ಈ ಲಿಪಿ ಯಾವುದು, ಓದಿ ಎಂದರು. ಮರಾಠಿ ಮಾತಾಡುವ ಆ ಸಭಾಂಗಣದಲ್ಲಿ ನಾನು ಅವ್ವನ ಸಾಲುಗಳನ್ನು ಗಟ್ಟಿಯಾಗಿ ಓದಿದೆ. ಪಕ್ಕದ ಪುಟದಲ್ಲಿ ನನ್ನ ಇಂಗ್ಲಿಷ್ ಅನುವಾದವಿತ್ತು. ಅದರಲ್ಲಿ ಅರಿಶಿನಕ್ಕೆ ಲ್ಯಾಟಿನ್ ಹೆಸರು ಬಂದಿತ್ತು, ಕಾರಣದ ಜಾಗದಲ್ಲಿ "ಚಿಕಿತ್ಸಾತ್ಮಕ ಹಸ್ತಕ್ಷೇಪ" ಎಂಬರ್ಥದ ದೊಡ್ಡ ಮಾತು ಕೂತಿತ್ತು.

"ಬರೆದವರು ಯಾರು?"

"ನನ್ನ ತಾಯಿ, ಸರ್."

"ಕಾರಣ ಎಂದು ಅವರು ಬರೆದದ್ದು ಇದೇನಾ?"

"ಅಲ್ಲ ಸರ್. ಗಾಯ ವಾಸಿಯಾಗಲಿ ಅಂತ."

"ಹಾಗಾದರೆ ಹಾಗೇ ಬರೆಯಿರಿ. ಈ ಪ್ರಬಂಧದಲ್ಲಿ ನನಗೆ ಅನುಮಾನ ಬಾರದ ಪುಟ ಇದೊಂದೇ. ಅದನ್ನು ನೀವು ಕೆಡಿಸಿದ್ದೀರಿ." ನಾಲ್ಕನೆಯದನ್ನು ಲೆಕ್ಕದಿಂದ ತೆಗೆಯಬೇಕು, ಏಳನೇ ದಿನದಿಂದ ಎರಡೇ ಉಳಿದವು ಎಂದು ಬಾಯಿಬಿಟ್ಟು ಹೇಳಬೇಕು, "ಸಾಬೀತಾಗಿದೆ" ಎಂದಿದ್ದಲ್ಲೆಲ್ಲ "ಕಂಡುಬರುತ್ತದೆ" ಎನ್ನಬೇಕು. ಅಷ್ಟು ತಿದ್ದುಪಡಿಯ ಮೇಲೆ ಪಾಸು. ನಾನು ಪ್ರಬಂಧದಲ್ಲಿ ಅರವತ್ತೊಂದು ಕಡೆ ಸಾಬೀತು ಮಾಡಿದ್ದೆ ಎಂದು ತಿದ್ದುವಾಗ ಗೊತ್ತಾಯಿತು.

ಘಟಿಕೋತ್ಸವದ ದಿನ ಅಪ್ಪ ಅವ್ವ ಬೆಳಗಿನ ಬಸ್ಸಿಗೆ ಸಂಭಾಜಿನಗರಕ್ಕೆ ಬಂದರು. ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಬಾಡಿಗೆಯ ಗೌನಿನಲ್ಲಿ ನಾನು ವೇದಿಕೆ ಹತ್ತಿದೆ, ಹೆಸರು ತಪ್ಪಾಗಿಯಾದರೂ ಕೂಗಿದರು, ಯಾರೋ ದೊಡ್ಡವರು ಪ್ರಮಾಣಪತ್ರ ಕೈಗಿತ್ತು ನನ್ನ ಬದಲು ಕ್ಯಾಮೆರಾ ನೋಡಿ ನಕ್ಕರು. ಇಳಿದು ನೇರ ಅವ್ವನ ಹತ್ತಿರ ಹೋಗಿ ಅದನ್ನು ಚಾಚಿದೆ. ಅವಳು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾಡವಾ. ನಾ ಮುಟ್ಟಂಗಿಲ್ಲ. ಅಪ್ಪಗ ಕೊಡು."

ಆಗ ನನಗೆ ಗೊತ್ತಾಯಿತು. ಒಂದು ಪ್ರಾಣಿಯ ಗಾಯ ಒಂದನೇ ದಿನ ಹೇಗಿತ್ತು, ಮೂರನೇ ದಿನ ಹೇಗಿತ್ತು, ಏಳನೇ ದಿನ ಹೇಗಿತ್ತು ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ಈ ಕಾಗದ ಗಳಿಸಿದವಳು ನಾನು. ಅದೇ ಮನೆಯಲ್ಲಿ, ಅದೇ ನಡುಮನೆಯಲ್ಲಿ, ನಾನೇ ಮಾಡಿದ ಇನ್ನೊಂದು ಗಾಯವನ್ನು ಇಷ್ಟು ತಿಂಗಳು ಒಂದು ಸಲವೂ ಬಗ್ಗಿ ನೋಡಿರಲಿಲ್ಲ. "ಅವ್ವಾ, ಅವತ್ತು ನಾ ಅಂದದ್ದು ತಪ್ಪು. ನೀ ಬರದ ಪುಟದಿಂದನ ಇದು ಉಳೀತು. ಹಿಡಿ ಬೇ," ಎಂದೆ. ಟೋಪಿ ಕಣ್ಣಿನ ಮೇಲೆ ಜಾರುತ್ತಿತ್ತು. ಕ್ಷಮೆ ಕೇಳುವವರು ಬಾಡಿಗೆ ಟೋಪಿ ತೆಗೆದಿಟ್ಟು ಕೇಳುವುದು ಒಳ್ಳೆಯದು.

ಅವ್ವ ಸೆರಗಿನಿಂದ ಅಂಗೈ ಒರೆಸಿಕೊಂಡಳು. ಇನ್ನೊಮ್ಮೆ ಒರೆಸಿಕೊಂಡಳು. ಆಮೇಲೆ ತುಂಬಿದ ಕೊಡ ಎತ್ತಿಕೊಳ್ಳುವವಳಂತೆ ಕಾಲು ಗಟ್ಟಿಯಾಗಿ ಊರಿ, ಎರಡೂ ಕೈ ಚಾಚಿ ತೆಗೆದುಕೊಂಡಳು. ತೆಗೆದುಕೊಂಡು, ಅಪ್ಪನ ಕಡೆ ನೋಡಿ, ನನ್ನ ಕಡೆ ನೋಡಿ, ಹೇಳಿದಳು:

"ಅಯ್ಯ, ಇಷ್ಟ ಹಗರ ಐತಿ? ನಿನ್ನ ಮಾರಿ ನೋಡಿ ನಾ ಭಾಳ ವಜ್ಜಿ ಇರತೈತಿ ಅಂದ್ಕೊಂಡಿದ್ನಿ."